ಮಿಥೈಲ್‌ಫೆನಿಡೇಟ್ ಶುರುವಾದ ಮೊದಲ ತಿಂಗಳು: ಮನೆಯವರು ಏನು ಗಮನಿಸಬೇಕು

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ 6 ವರ್ಷದೊಳಗಿನ ಮಗುವಿಗೆ ಮೊದಲು ಕೊಡುವುದು ಮಿಥೈಲ್‌ಫೆನಿಡೇಟ್‌ನಂಥ ಮಾತ್ರೆಯಲ್ಲ, ಮಗುವನ್ನು ನಿಭಾಯಿಸಲು ಅಪ್ಪ-ಅಮ್ಮನಿಗೆ ತರಬೇತಿ. ದೊಡ್ಡ ಮಕ್ಕಳಲ್ಲೂ ತೊಂದರೆ ಮನೆ, ಶಾಲೆ ಎರಡೂ ಕಡೆ ಕಾಣಬೇಕು. ಒಂದೇ ಕಡೆ ಇದ್ದರೆ ನಿದ್ದೆ ಸರಿಯಿದೆಯೇ ನೋಡಿ, ಕಣ್ಣು, ಕಿವಿ ವೈದ್ಯರಿಗೆ ತೋರಿಸಿ.

ಮಾತ್ರೆಗೆ ಮುಂಚೆ ತೂಕ, ಎತ್ತರ, ಬಿಪಿ, ನಾಡಿ ಬರೆಸಿಡಿ. ಮಗು ಓಡುವಾಗ ತಲೆಸುತ್ತಿ ಬಿದ್ದಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವಾಗಿದ್ದರೆ ವೈದ್ಯರಿಗೆ ಹೇಳಲೇಬೇಕು.

ಸಾಮಾನ್ಯವಾಗಿ 5 ಮಿ.ಗ್ರಾಂ. ಬೆಳಗ್ಗೆ, 5 ಮಿ.ಗ್ರಾಂ. ಮಧ್ಯಾಹ್ನ ಎಂದು ಶುರುಮಾಡಿ, ವೈದ್ಯರು ವಾರಕ್ಕೊಮ್ಮೆ ಏರಿಸುತ್ತಾರೆ. ಸಾದಾ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ಅದಷ್ಟೂ ಶಾಲೆಯಲ್ಲೇ ಕಳೆಯುವುದರಿಂದ "ಏನೂ ಬದಲಾಗಿಲ್ಲ" ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಹಾಗಾಗಿ ಟೀಚರ್ ಬಳಿ ವಾರಕ್ಕೊಮ್ಮೆ ಎರಡೇ ಪ್ರಶ್ನೆ ಕೇಳಿ: ಬೋರ್ಡಿನದನ್ನು ಪೂರ್ತಿ ಬರೆದುಕೊಂಡನೇ? ಎಷ್ಟು ಸಲ ಎದ್ದ? ಡೋಸ್ ನಿರ್ಧರಿಸಲು ವೈದ್ಯರಿಗೆ ಬೇಕಾದದ್ದು ಈ ಉತ್ತರ, "ಪರವಾಗಿಲ್ಲ" ಎಂಬ ಮಾತಲ್ಲ. ಮಗು ಮಂಕಾಗಿ, ಬೊಂಬೆಯಂತೆ ಕೂತರೆ ಶಾಲೆಯವರು ಮೆಚ್ಚಿದರೂ ನೀವು ಮೆಚ್ಚಬೇಡಿ. ಡೋಸ್ ಹೆಚ್ಚಾಗಿರಬಹುದು.

ಹಸಿವು ಕುಗ್ಗುತ್ತದೆ, ಮಧ್ಯಾಹ್ನದ ಡಬ್ಬಿ ತುಂಬಿದ್ದಂತೆಯೇ ವಾಪಸ್ ಬರುತ್ತದೆ. ಬೈಯುವುದಕ್ಕಿಂತ ಹೊತ್ತು ಬದಲಿಸಿ: ಹೊಟ್ಟೆ ತುಂಬ ತಿಂಡಿ ಕೊಟ್ಟ ಮೇಲೆ ಮಾತ್ರೆ, ಹಸಿವು ಮರಳುವ ಸಂಜೆಗೆ ಗಟ್ಟಿ ಊಟ. ಸಂಜೆಯ ನಂತರ ಮಾತ್ರೆ ಕೊಟ್ಟರೆ ನಿದ್ದೆ ಕೆಡುತ್ತದೆ. ತಪ್ಪಿದ ಡೋಸ್ ಬಿಟ್ಟುಬಿಡಿ, ಮುಂದಿನದನ್ನು ಎರಡು ಪಟ್ಟು ಮಾಡಬೇಡಿ. ದೀರ್ಘಕಾಲ ಕೆಲಸ ಮಾಡುವ ಮಾತ್ರೆಯನ್ನು ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಬಿಡುಗಡೆಯಾಗಬಹುದು. ಔಷಧದ ಪರಿಣಾಮ ಇಳಿಯುವ ಹೊತ್ತಿಗೆ ಒಂದೆರಡು ಗಂಟೆ ಸಿಡುಕು ಬಂದರೆ ಸಮಯ ಬರೆದಿಟ್ಟುಕೊಂಡು ಹೇಳಿ.

ಎದೆನೋವು, ಪ್ರಜ್ಞೆ ತಪ್ಪುವುದು, ಇಲ್ಲದ್ದು ಕಾಣುವುದು, ಕೇಳುವುದು ಆದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇದರ ಬದಲು ಎಡಿಎಚ್‌ಡಿಯ ಇನ್ನೊಂದು ಔಷಧ ಆಟೊಮಾಕ್ಸೆಟಿನ್ ಕೊಟ್ಟಿದ್ದರೆ ಲೆಕ್ಕ ಬೇರೆ: ಪರಿಣಾಮ ಗೊತ್ತಾಗಲು 4ರಿಂದ 6 ವಾರ ಬೇಕು. ಮಗು ಸಾಯುವ ಮಾತಾಡಿದರೆ ಅಂದೇ ವೈದ್ಯರನ್ನು ಕಾಣಿ.

ಮಿಥೈಲ್‌ಫೆನಿಡೇಟ್ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬರುವ ಔಷಧವಾದ್ದರಿಂದ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗದು. ಮಾತ್ರೆ ಮುಗಿಯುವ ಒಂದು ವಾರ ಮುಂಚೆಯೇ ಮೂಲ ಚೀಟಿಯೊಂದಿಗೆ ಹೋಗಿ. ತೂಕವನ್ನು 3 ತಿಂಗಳಿಗೊಮ್ಮೆ, ಎತ್ತರವನ್ನು 6 ತಿಂಗಳಿಗೊಮ್ಮೆ ಅಳೆಸಿ.