ಒಂದೇ ಲಾರಿಯಲ್ಲಿ ಗಂಡ ಹೆಂಡತಿ: ದೂರದ ಟ್ರಿಪ್ಪಿಗೆ ಹೊರಡುವ ಮುನ್ನ

ಕೇರಳದ ಏಟ್ಟುಮಾನೂರಿನ ಜಲಜಾ ರತೀಶ್ ಅವರು ಪತಿಯ ಜೊತೆ ಕಾಶ್ಮೀರದವರೆಗೂ ಲಾರಿ ಓಡಿಸಿದ್ದನ್ನು ಮೊಬೈಲಿನಲ್ಲಿ ನೋಡಿ, ನಾವೂ ಹೀಗೆ ಹೊರಡಬಹುದೇ ಎಂದು ಕೇಳುವ ದಂಪತಿಗಳು ಈಗ ನಮ್ಮಲ್ಲೂ ಸಿಗುತ್ತಾರೆ. ಖಂಡಿತವಾಗಿ ಹೊರಡಬಹುದು, ನಾನೂ ನನ್ನ ಗಂಡನೂ ಹೀಗೆಯೇ ಲಾರಿ ಓಡಿಸುತ್ತೇವೆ. ಒಬ್ಬರು ಓಡಿಸುವಾಗ ಇನ್ನೊಬ್ಬರು ನೆಮ್ಮದಿಯಿಂದ ನಿದ್ದೆ ಮಾಡಬಲ್ಲರೇ ಎಂಬುದರ ಮೇಲೆ ಈ ಬದುಕು ನಿಂತಿದೆ. ಮುಂದೆ ಹೇಳುವ ಸಿದ್ಧತೆಯೆಲ್ಲ ಬಹುಮಟ್ಟಿಗೆ ಅದಕ್ಕಾಗಿಯೇ.

ಮೊದಲ ಕೆಲಸ ಲೈಸೆನ್ಸಿನದು. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲೇ ರದ್ದಾಗಿದೆ. ಸಾಮಾನ್ಯವಾಗಿ ಗಂಡನ ಬಳಿ ಹೆವಿ ಲೈಸೆನ್ಸ್ ಇದ್ದು ಹೆಂಡತಿ ಹೊಸದಾಗಿ ಕಲಿಯಬೇಕಾಗಿರುತ್ತದೆ. ಕಾಯಬೇಕಾದ ಆ ವರ್ಷವನ್ನು ವ್ಯರ್ಥ ಮಾಡಬೇಡಿ. ಒಟ್ಟು ತೂಕ 7,500 ಕೆ.ಜಿ.ಗಿಂತ ಕಡಿಮೆಯಿರುವ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಪು ನೀಡಿದೆ. ಹಾಗಾಗಿ ಸಣ್ಣ ಲಾರಿಯಲ್ಲಿ ತರಕಾರಿಯನ್ನೋ ಸಿಮೆಂಟನ್ನೋ ಹೇರಿಕೊಂಡು ಸುತ್ತಮುತ್ತ ಓಡಾಡಿದರೆ, ಲೋಡಿದ್ದಾಗ ಬ್ರೇಕು ಹಿಡಿದ ಮೇಲೂ ಗಾಡಿ ಎಷ್ಟು ದೂರ ಹೋಗುತ್ತದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ.

ಸ್ವಂತ ಲಾರಿ ಕೊಳ್ಳುವ ಮುನ್ನ ಒಂದು ವರ್ಷವಾದರೂ ಬೇರೆಯವರ ಲಾರಿಯಲ್ಲಿ ದುಡಿಯುವುದು ಮೇಲು. ಆಗ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ನಾವು ಮೊದಲು ಸೇರಿದ ಕಡೆ ಸಂಬಳ, ಬತ್ತಾ ಎರಡನ್ನೂ ನನ್ನ ಪತಿಯ ಹೆಸರಿಗೇ ಬರೆದು, ನನ್ನನ್ನು ಜೊತೆಗೆ ಬಂದವಳೆಂದೇ ಎಣಿಸಿದ್ದರು. ದುಡ್ಡು ಹೋದದ್ದಕ್ಕಿಂತ ದೊಡ್ಡ ಅಪಾಯ ಅದರಲ್ಲಿತ್ತು. ಸರಕು ವಾಹನದಲ್ಲಿ ಸುಮ್ಮನೆ ಕುಳಿತು ಬರುವ ಪ್ರಯಾಣಿಕರಿಗೆ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ರಕ್ಷಣೆ ಇರುವುದಿಲ್ಲ. ಆದ್ದರಿಂದ ಇಬ್ಬರೂ ಚಾಲಕರೆಂದೇ ದಾಖಲೆಯಲ್ಲಿರಬೇಕು, ಪಾಲಿಸಿಯಲ್ಲಿ ಎಷ್ಟು ಚಾಲಕರಿಗೆ ಪ್ರೀಮಿಯಂ ಕಟ್ಟಿದ್ದಾರೆ ಎಂಬುದನ್ನು ಹೊರಡುವ ಮುನ್ನ ನೀವೇ ಓದಿ ನೋಡಬೇಕು.

ಇನ್ನು ಪಾಳಿಯ ವಿಚಾರ. ಬೆಂಗಳೂರಿನಿಂದ ಮುಂಬಯಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 980 ಕಿ.ಮೀ. ದಾರಿಯಿದೆ, ಲೋಡಾದ ಲಾರಿಗೆ ಗಂಟೆಗೆ ಸರಾಸರಿ 40 ಕಿ.ಮೀ. ಹಿಡಿದರೆ 24 ಗಂಟೆಗಿಂತ ತುಸು ಹೆಚ್ಚೇ ಬೇಕು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಹೆಚ್ಚೆಂದರೆ 8 ಗಂಟೆಯ ದುಡಿಮೆಯನ್ನೂ, 5 ಗಂಟೆ ಮೀರುವ ಮೊದಲು ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸುತ್ತಿತ್ತು. ಆ ಲೆಕ್ಕದಲ್ಲಿ ಒಬ್ಬರಿಗೆ ಮೂರು ದಿನವಾಗುವ ದಾರಿ ಇಬ್ಬರಿಗೆ ಒಂದೂವರೆ ದಿನಕ್ಕೆ ಮುಗಿಯುತ್ತದೆ, ಅದಕ್ಕಿಂತ ಬೇಗ ತಲುಪಿಸುತ್ತೇವೆಂದು ಲೋಡು ಕೊಡಿಸುವ ಬ್ರೋಕರಿಗೆ ಮಾತು ಕೊಡಬೇಡಿ. ನಾವು ನಾಲ್ಕು ಗಂಟೆಯ ಪಾಳಿ ಇಟ್ಟುಕೊಂಡಿದ್ದೇವೆ. ನನಗೆ ಬೆಳಗಿನ ಜಾವ ಕಣ್ಣು ಎಳೆಯುತ್ತದೆ, ಅವರಿಗೆ ಮಧ್ಯಾಹ್ನದ ಊಟವಾದ ಮೇಲೆ. ಪಾಳಿ ಹಂಚಿಕೊಂಡದ್ದು ಇದನ್ನು ನೋಡಿಯೇ. ನಿದ್ದೆ ಬರುತ್ತಿದೆ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಮರುಮಾತಾಡದೆ ಗಾಡಿ ನಿಲ್ಲಿಸಲು ಒಪ್ಪಬೇಕು. ಎದ್ದವರು ಕೂಡಲೇ ಸ್ಟೀರಿಂಗ್ ಹಿಡಿಯಬಾರದು. ಮುಖ ತೊಳೆದು, ಟೈರು ಬಿಚ್ಚುವ ಕಬ್ಬಿಣದ ಲಿವರ್ ಹಿಡಿದು ಲಾರಿಯ ಸುತ್ತ ಒಂದು ಸುತ್ತು ಬಂದು ಟೈರುಗಳನ್ನು ಒಂದೊಂದಾಗಿ ಬಡಿದು ನೋಡಬೇಕು. ಜೋಡಿ ಟೈರಿನಲ್ಲಿ ಒಳಗಿನದರ ಗಾಳಿ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಹೊರಗಿನ ಟೈರು ಎಲ್ಲ ಭಾರವನ್ನೂ ಹೊತ್ತು ನಿಂತಿರುತ್ತದೆ; ಆದರೆ ಬಡಿದಾಗ ಟಣ್ ಎನ್ನಬೇಕಾದದ್ದು ದಬ್ ಎನ್ನುತ್ತದೆ.

ಮೊದಲ ಕೆಲವು ಟ್ರಿಪ್ಪುಗಳಲ್ಲಿ ಘಟ್ಟ ಇಳಿಯುವಾಗ ಇಬ್ಬರೂ ಎಚ್ಚರವಿರಿ. ಪುಣೆಯ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಲಾರಿ ಅಪಘಾತಗಳಿಗೆ ಹೆಸರಾದದ್ದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಚಾಳಿ ಅಲ್ಲಿನ ದೊಡ್ಡ ಶತ್ರು: ಎಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆಯೇ ಬಿದ್ದು, ಲೈನರ್ ಕಾದು ಹಿಡಿಯದಂತಾಗುತ್ತದೆ. ಏರುವ ಗೇರಿನಲ್ಲೇ ಇಳಿಯಿರಿ.

ಕಾಗದಪತ್ರಗಳಲ್ಲಿ ಆರ್.ಸಿ., ಎಫ್.ಸಿ. (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ), ನ್ಯಾಷನಲ್ ಪರ್ಮಿಟ್, ವಿಮೆ, ಹೊಗೆ ಪ್ರಮಾಣಪತ್ರಗಳ ಅವಧಿಯನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ. ಸರಕಿನ ಜೊತೆಗಿರಬೇಕಾದ ಜಿ.ಎಸ್.ಟಿ. ಚೀಟಿಯಾದ ಇ-ವೇ ಬಿಲ್ಲಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ಸಿಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟು ತಡವಾದರೆ ಅವಧಿ ಮುಗಿಯುವ 8 ಗಂಟೆ ಹಿಂದುಮುಂದಿನೊಳಗೆ ವಿಸ್ತರಿಸಿಕೊಳ್ಳಬೇಕು.

ತಂಗುವ ಜಾಗವನ್ನು ಕತ್ತಲಾಗುವ ಮೊದಲೇ ಗೊತ್ತುಮಾಡಿಕೊಳ್ಳಿ. ಬೆಳಕು, ಕಾವಲು, ಹೆಂಗಸರಿಗೆ ಚಿಲಕವಿರುವ ಬಚ್ಚಲು, ಈ ಮೂರೂ ಇರುವ ಪೆಟ್ರೋಲ್ ಬಂಕುಗಳ ಪಟ್ಟಿಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ತೈಲ ಕಂಪನಿಗಳು ಲಾರಿ ಚಾಲಕರಿಗಾಗಿ ಹೆದ್ದಾರಿಯ ಬಂಕುಗಳಲ್ಲಿ ತೆರೆದಿರುವ ‘ಅಪ್ನಾ ಘರ್’ ತಂಗುದಾಣಗಳಲ್ಲಿ ಹಾಸಿಗೆಯೂ ಸ್ನಾನದ ವ್ಯವಸ್ಥೆಯೂ ಇರುತ್ತದೆ, ಹೆಂಗಸರಿಗೆ ಪ್ರತ್ಯೇಕ ಜಾಗವಿದೆಯೇ ಎಂದು ಮಾತ್ರ ಮೊದಲೇ ಫೋನಿನಲ್ಲಿ ಕೇಳಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಎರಡು ಹೊತ್ತಿನ ಡಾಬಾ ಊಟ ಉಳಿಯುತ್ತದೆ. ಗ್ಯಾಸ್ ಒಲೆಯನ್ನು ಎಂಥ ಮಳೆಯಿದ್ದರೂ ಕ್ಯಾಬಿನ್ನಿನ ಒಳಗೆ ಹಚ್ಚಬೇಡಿ.

ಮುಂದೆ ಸ್ವಂತ ಲಾರಿ ಕೊಳ್ಳುವಾಗ ಅದು ತಯಾರಾದ ದಿನಾಂಕ ನೋಡಿ. 2025ರ ಅಕ್ಟೋಬರ್ 1ರಿಂದ ತಯಾರಾದ ಮಧ್ಯಮ ಮತ್ತು ಭಾರಿ ಲಾರಿಗಳಲ್ಲಿ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ, ಹಗಲು ಮಲಗುವವರಿಗೆ ಅದರ ಬೆಲೆ ಗೊತ್ತು. ಷೋರೂಮಿನಲ್ಲಿ ಎಂಜಿನ್ ನೋಡಿದ ಮೇಲೆ ಇಬ್ಬರೂ ಒಬ್ಬರಾದ ಮೇಲೊಬ್ಬರು ಹಿಂದಿನ ಬರ್ತಿನಲ್ಲಿ ಕಾಲು ಚಾಚಿ ಹತ್ತು ನಿಮಿಷ ಮಲಗಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.