ಕಾಶಿಯಾತ್ರೆಯ ನಡುವೆ ಒಂದು ದಿನದ ನೇಪಾಳ: ನನ್ನ ಅನುಭವ

"ಕಾಶಿ, ಪ್ರಯಾಗ, ಗಯಾ, ನಡುವೆ ಒಂದು ದಿನ ನೇಪಾಳ" ಎಂದು ನಾನು ಪಾಂಪ್ಲೆಟ್ ಅಚ್ಚು ಹಾಕಿಸಿದಾಗ ಹುಬ್ಬಳ್ಳಿಯಲ್ಲಿ ನನ್ನಂತೆಯೇ ಯಾತ್ರೆ ನಡೆಸುವ ಹಳೇ ಮಂದಿ ನಕ್ಕುಬಿಟ್ಟರು. "ನೇಪಾಳ ಅಂದ್ರ ಕಾಠ್ಮಂಡು, ಪಶುಪತಿನಾಥ. ಅದಕ್ಕ ಏನಿಲ್ಲಂದ್ರೂ ನಾಕು ದಿನ ಬೇಕು. ಒಂದು ದಿನದಾಗ ಏನ್ ತೋರಸ್ತೀಪಾ, ಗಡಿ ಗೇಟು ತೋರಿಸಿ ಕರಕೊಂಡ ಬರ್ತೀ ಏನ?" ಎಂದವರಲ್ಲಿ ಇಬ್ಬರು ಈಗ ಆ ಕಡೆಯ ಬಸ್ಸಿನ ಮಾಲಕನ ನಂಬರ್ ಕೇಳಿ ಫೋನ್ ಮಾಡುತ್ತಾರೆ. ನಂಬರ್ ಕೊಡುವುದಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ, ಯಾರು ಬೇಕಾದರೂ ಮಾಡಿ ನೋಡಬಹುದು.

ನಾನು ತೋರಿಸುವುದು ಎರಡೇ ಊರು. ಒಂದು ತಿಲೌರಾಕೋಟ್, ಬುದ್ಧನ ತಂದೆ ಶುದ್ಧೋದನನ ಕಪಿಲವಸ್ತು ಇದೇ ಎಂದು ನೇಪಾಳದವರು ಹೇಳುವ ಹಳೇ ಕೋಟೆ-ಪಟ್ಟಣ. ಇನ್ನೊಂದು ಬುದ್ಧ ಹುಟ್ಟಿದ ಲುಂಬಿನಿ. ನಮ್ಮ ಕಡೆಯ ಗಡಿ ಊರು ಸೋನೌಲಿಯ ಗೇಟು ದಾಟಿದರೆ ನೇಪಾಳದ ಬೇಲಹಿಯಾ, ಅಲ್ಲಿಂದ ನಾಲ್ಕು ಕಿಲೋಮೀಟರಿಗೆ ಭೈರಹವಾ, ಭೈರಹವಾದಿಂದ ಲುಂಬಿನಿಗೆ 22ರ ಆಸುಪಾಸು, ಅಲ್ಲಿಂದ ಪಶ್ಚಿಮಕ್ಕೆ ತೌಲಿಹವಾ ಇನ್ನೊಂದು 25, ತೌಲಿಹವಾದ ಮಗ್ಗುಲಲ್ಲೇ ತಿಲೌರಾಕೋಟ್. ಎಲ್ಲ ಸಪಾಟು ತರಾಯಿ ಬಯಲು, ಘಾಟು ಇಲ್ಲ, ವಾಂತಿ ಇಲ್ಲ. ಕಾಗದದ ಮೇಲೆ ಇಷ್ಟು ಸಲೀಸಾದದ್ದು ಮೊದಲ ವರ್ಷ ನನ್ನ ಕೈ ಸುಟ್ಟಿತು.

ಆಗ ಎಲ್ಲರೂ ಮಾಡುವಂತೆಯೇ ಮಾಡಿದ್ದೆ. ಗೋರಖಪುರದಲ್ಲಿ ವಸ್ತಿ, ಬೆಳಿಗ್ಗೆ ನಾಷ್ಟಾ ಮಾಡಿಸಿ ನಮ್ಮದೇ ಬಸ್ಸಿನಲ್ಲಿ ಗಡಿ ಕಡೆ. ಗೋರಖಪುರದಿಂದ ಸೋನೌಲಿ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಆದರೆ ಕೊನೆಯ ಐದಾರು ಕಿಲೋಮೀಟರು ಲಾರಿಗಳ ಸಾಲು, ಮುಗಿಯುವುದೇ ಇಲ್ಲ. ಗೇಟಿಗೆ ಮುಟ್ಟಿದಾಗ ಹತ್ತೂವರೆ. ಮುಂದೆ ಭನ್ಸಾರ್, ಅಂದರೆ ನಮ್ಮ ಗಾಡಿ ಆ ಕಡೆ ಓಡಾಡಲು ದಿನದ ಲೆಕ್ಕದಲ್ಲಿ ಕಟ್ಟುವ ಕಸ್ಟಮ್ಸ್ ದುಡ್ಡು. ಅದರ ಜೊತೆ ಪರ್ಮಿಟ್ಟು, ಆರ್‌ಸಿ ಝೆರಾಕ್ಸು, ಡ್ರೈವರನ ಲೈಸೆನ್ಸು, "ನಾನು ಮಾಡಿಸಿ ಕೊಡ್ತೀನಿ" ಎಂದು ಬರುವ ಏಜೆಂಟನ ದುಡ್ಡು. ಎರಡು ತಾಸು ಮಂದಿ ಬಸ್ಸಿನಲ್ಲೇ ಬೆಂದರು. ಲುಂಬಿನಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು, ತಿಲೌರಾಕೋಟ್ ಬಿಟ್ಟೇ ಹೋಯಿತು. ಗದಗಿನ ನಿವೃತ್ತ ಮಾಸ್ತರರೊಬ್ಬರು ಕೈಯಲ್ಲಿ ನನ್ನ ಪಾಂಪ್ಲೆಟ್ ಹಿಡಿದುಕೊಂಡೇ ಕೇಳಿದರು, "ಇದರಾಗ ಕಪಿಲವಸ್ತು ಅಂತ ಬರದೀರಲ್ರೀ, ಅದ ಎಲ್ಲೈತಿ?" ತಲೆಗೆ ಮುನ್ನೂರು ರೂಪಾಯಿ ವಾಪಸ್ ಕೊಟ್ಟೆ. ಆ ಟ್ರಿಪ್ಪಿನಲ್ಲಿ ನೇಪಾಳದ ದಿನ ಒಂದೇ ಹದಿನಾಲ್ಕೋ ಹದಿನೈದೋ ಸಾವಿರ ನುಂಗಿತು.

ಮುಂದಿನ ಸಲ ಮೂರು ಬದಲಾವಣೆ ಮಾಡಿದೆ. ಎಲ್ಲ ಗುಟ್ಟು ಇರುವುದು ಈ ಮೂರರಲ್ಲೇ.

ಮೊದಲನೆಯದು, ಗೋರಖಪುರದ ವಸ್ತಿ ಬಂದ್. ಕಾಶಿಯಿಂದ ನಸುಕಿನಲ್ಲಿ ಬಿಟ್ಟು, ಮಧ್ಯಾಹ್ನ ಗೋರಖನಾಥ ಮಂದಿರದ ಹತ್ತಿರ ಊಟ ಮುಗಿಸಿ, ಸಂಜೆ ಗಡಿಯ ಮಗ್ಗುಲಿಗೇ ಹೋಗಿ ಮಲಗುವುದು. ನೌತನ್ವಾ, ಸೋನೌಲಿ ಎರಡರಲ್ಲೂ ಲಾಡ್ಜುಗಳಿವೆ. ಚಂದ ಅಂತ ಹೇಳುವುದಿಲ್ಲ, ಒಂದು ರಾತ್ರಿಗೆ ನಡೆಯುತ್ತದೆ. ಬಾತ್‌ರೂಮು ನೋಡಿ, ನೀರು ಬಿಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.

ಎರಡನೆಯದು, ನಮ್ಮ ಬಸ್ಸು ಗಡಿ ದಾಟುವುದೇ ಇಲ್ಲ. ಮಂದಿ ನಡೆದೇ ದಾಟುತ್ತಾರೆ. ಇದಕ್ಕೇ ಎಲ್ಲರೂ ಅಡ್ಡಿ ಹೇಳಿದ್ದು: "ಮೊಳಕಾಲು ನೋವಿನ ಮಂದಿನ್ನ ನಡಸ್ತೀ ಏನ?" ಅರೆ, ನಸುಕಿನಲ್ಲಿ ಸೈಕಲ್ ರಿಕ್ಷಾ ಸಿಗುತ್ತವೆ, ಆಗದವರನ್ನು ಅದರಲ್ಲಿ ಕೂಡಿಸಿದರಾಯಿತು. ಉಳಿದವರು ಗೇಟಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಕುಣಿಯುತ್ತ ದಾಟುತ್ತಾರೆ. ಬಸ್ಸಿನ ಕಿಟಕಿಯಿಂದ ದೇಶ ದಾಟಿದ್ದು ಯಾರಿಗೂ ನೆನಪಿರುವುದಿಲ್ಲ, ಕಾಲಿನಿಂದ ದಾಟಿದ್ದನ್ನು ಊರಿಗೆ ಬಂದು ವರ್ಷಗಟ್ಟಲೆ ಹೇಳುತ್ತಾರೆ. ನನಗೆ ಸಿಕ್ಕ ಪುಕ್ಕಟೆ ಜಾಹೀರಾತು ಅದೇ. ಬೇಲಹಿಯಾ ಕಡೆ ನೇಪಾಳದ ನಂಬರ್ ಪ್ಲೇಟಿನ ಬಸ್ಸು ಕಾಯುತ್ತ ನಿಂತಿರುತ್ತದೆ. ಭನ್ಸಾರ್ ಇಲ್ಲ, ಏಜೆಂಟ್ ಇಲ್ಲ. ಇದರಲ್ಲಿ ಇನ್ನೊಂದು ಲಾಭವಿದೆ, ನಮ್ಮ ಡ್ರೈವರ್ ಆ ದಿನ ಮಲಗುತ್ತಾನೆ. ಗಾಡಿ ನಿಂತರೂ ಮಾಲಕ ದಿನಕ್ಕೆ ಇಂತಿಷ್ಟು ಕಿಲೋಮೀಟರ್ ಮಿನಿಮಮ್ ಹಿಡಿಯುತ್ತಾನಲ್ಲ, ಅದನ್ನು ಹುಬ್ಬಳ್ಳಿಯಲ್ಲೇ ಕೂತು ಅರ್ಧಕ್ಕೆ ಮಾತಾಡಿಕೊಳ್ಳಬೇಕು. ಹೇಗೆ ಮಾತಾಡಬೇಕು ಎಂಬುದು ನನ್ನ ಹತ್ತಿರವೇ ಇರಲಿ.

ಮೂರನೆಯದು, ದೂರದ ಊರು ಮೊದಲು. ದಾರಿಯಲ್ಲಿ ಲುಂಬಿನಿ ಬಂದರೂ ಇಳಿಸಬಾರದು, ಸೀದಾ ತಿಲೌರಾಕೋಟ್. ಲುಂಬಿನಿಯಲ್ಲಿ ಒಮ್ಮೆ ಇಳಿದ ಮಂದಿ ಏಳುವುದಿಲ್ಲ, ನೆರಳು ಚಲೋ ಇದೆ, ಅಂಗಡಿ ಇವೆ, ಒಂದೊಂದು ದೇಶದ್ದೂ ಒಂದೊಂದು ವಿಹಾರ. ಕೋಟೆಯಲ್ಲಿ ಇಟ್ಟಿಗೆ ಅಡಿಪಾಯ ಬಿಟ್ಟರೆ ಏನೂ ಇಲ್ಲ. ಬಿಸಿಲೇರುವ ಮುಂಚೆ, ಕಾಲಲ್ಲಿ ಕಸುವು ಇರುವಾಗ ಅದನ್ನು ಮುಗಿಸಬೇಕು. ಆರಕ್ಕೆ ಗೇಟು ಬಿಟ್ಟರೆ ಎಂಟರ ಸುಮಾರಿಗೆ ಅಲ್ಲಿರುತ್ತೇವೆ.

ಟೈಮಿನ ಮಾತು ಬಂತು. ಅವರ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಡ್ರೈವರ್ "ಛೇ ಬಜೇ" ಎಂದರೆ ನಮ್ಮ ಐದೂ ಮುಕ್ಕಾಲು. ಮಂದಿಗೆ ಇದನ್ನೆಲ್ಲ ಹೇಳಲು ಹೋಗಬೇಡಿ, ಗಡಿಯಾರ ತಿರುಗಿಸಿ ಕೂತು ಇನ್ನಷ್ಟು ಘೋಟಾಳೆ ಮಾಡುತ್ತಾರೆ. ಅವರಿಗೆ ನಮ್ಮ ಟೈಮು, ಡ್ರೈವರನಿಗೆ ಅವನ ಟೈಮು, ಕೂಡಿಸಿ ಕಳೆಯುವುದು ನಮ್ಮ ಕೆಲಸ.

ದುಡ್ಡಿನಲ್ಲೂ ಇಂಥದ್ದೇ ಒಂದು ಕಂಟಕ. ಆ ಕಡೆ ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದು. ನಮ್ಮ 100ಕ್ಕೆ ಅವರ 160. ಮೊದಲ ಸಲ ಬಸ್ಸು ಮಾತಾಡಿದಾಗ ಫೋನಿನಲ್ಲಿ "ಒಂಬತ್ತು ಸಾವಿರ" ಎಂದಷ್ಟೇ ಆಗಿತ್ತು, ಎನ್‌ಸಿ ಎಂದೇ ನಾನು ಲೆಕ್ಕ ಹಾಕಿದ್ದೆ. ಸಂಜೆ ಇಳಿಯುವಾಗ ಮಾಲಕ ಐಸಿ ಎಂದು ಕೂತ. ಜಗಳಾಡಿ ನಡುವೆ ಎಲ್ಲೋ ನಿಲ್ಲಿಸಿದೆವು, ಆದರೂ ಆ ದಿನದ ಲಾಭ ಹೋಯಿತು. ಈಗ ವಾಟ್ಸ್ಯಾಪ್‌ನಲ್ಲಿ ಅಂಕಿಯ ಮುಂದೆ "ಐಸಿ" ಎಂದು ಬರೆಸಿಕೊಂಡೇ ಅಡ್ವಾನ್ಸ್ ಹಾಕುತ್ತೇನೆ. ನಮ್ಮ ನೂರರ ನೋಟಿನ ಒಂದು ಕಟ್ಟು ಹುಬ್ಬಳ್ಳಿಯಿಂದಲೇ ಒಯ್ಯಿರಿ, ಚಹಾ ಅಂಗಡಿಯವನೂ ಬೇಡ ಅನ್ನುವುದಿಲ್ಲ.

ಕಾಗದಪತ್ರ ನಿಮಗೆಲ್ಲ ಗೊತ್ತಿದ್ದದ್ದೇ. ವೀಸಾ ಬೇಡ, ವೋಟರ್ ಕಾರ್ಡು ಇಲ್ಲವೇ ಪಾಸ್‌ಪೋರ್ಟು ಇರಬೇಕು. ಬರೀ ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15ರ ಒಳಗಿನ ಮಕ್ಕಳಿಗೆ. ಐವತ್ತೆಂಟರ ಹೆಣ್ಣುಮಗಳು ಆಧಾರ್ ಒಂದೇ ತಂದು "ಎಲ್ಲಾಕಡೆ ಇದ ನಡೀತೈತಲ್ರೀ" ಎನ್ನುವುದು ಪ್ರತಿ ಗುಂಪಿನಲ್ಲೂ ಉಂಟು. ಅದಕ್ಕೇ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ರೈಲು ಹತ್ತುವ ಮುಂಚೆ ಕಾರ್ಡು ತೋರಿಸದವರಿಗೆ ನೇಪಾಳದ ಬ್ಯಾಡ್ಜು ಕೊಡುವುದಿಲ್ಲ.

ಇನ್ನು ತಿಲೌರಾಕೋಟ್. ಅಲ್ಲಿ ತೋರಿಸುವುದು ಏನೂ ಇಲ್ಲ ಎಂಬ ದೂರನ್ನು ನಾನೂ ಕೇಳಿದ್ದೇನೆ. ತೋರಿಸಲು ಬರಬೇಕು. ಕೋಟೆಗೋಡೆಯ ಸಾಲು, ಪೂರ್ವದ ಬಾಗಿಲು, ಒಳಗೆ ಇಟ್ಟಿಗೆಯ ಕಟ್ಟಡಗಳ ಬುಡ. ಸಿದ್ಧಾರ್ಥ ರಾತ್ರಿ ಮನೆ ಬಿಟ್ಟು ಹೊರಟದ್ದು ಈ ಪೂರ್ವದ ಬಾಗಿಲಿನಿಂದ ಎಂದು ಅಲ್ಲಿನವರು ಹೇಳುತ್ತಾರೆ. ನಾನು ಗುಂಪನ್ನು ಬಾಗಿಲ ಒಳಗೆ ನಿಲ್ಲಿಸಿ, ಆಮೇಲೆ ಒಬ್ಬೊಬ್ಬರನ್ನೇ ಸುಮ್ಮನೆ ಹೊರಗೆ ನಡೆಸುತ್ತೇನೆ. ಮಾತಿಲ್ಲ, ಮೈಕಿಲ್ಲ. ಮೊದಲ ಸಲ ಇದು ತಂತಾನೇ ಆದದ್ದು, ಮೈಕಿನ ಬ್ಯಾಟರಿ ಹೋಗಿತ್ತು. ಈಗ ಬ್ಯಾಟರಿ ಇದ್ದರೂ ಬಂದ್ ಮಾಡುತ್ತೇನೆ.

ಕೋಟೆಯೊಳಗೇ ಮರದ ನೆರಳಲ್ಲಿ ಸಮಯ್ ಮಾಯಿ ಎಂಬ ಗ್ರಾಮದೇವತೆ ಇದ್ದಾಳೆ. ಹರಕೆಗೆ ಮಣ್ಣಿನ ಆನೆ ಅರ್ಪಿಸುತ್ತಾರೆ. ಕೆಲವಕ್ಕೆ ಸೊಂಡಿಲು ಮುರಿದಿರುತ್ತದೆ, ಕೆಲವು ಹೊಸಾವು, ಕೆಂಪಗೆ ಸಾಲಾಗಿ ನಿಂತಿರುತ್ತವೆ. ನಮ್ಮ ಹೆಣ್ಣುಮಕ್ಕಳು ಅರಮನೆ, ಬಾಗಿಲು ಎಲ್ಲ ಮರೆತು ಅಲ್ಲೇ ಕೂತುಬಿಡುತ್ತಾರೆ. "ನಮ್ಮ ಮಣ್ಣೆತ್ತಿನ ಅಮಾಸಿ ಇದ್ದಂಗ ಐತೆಲ್ಲ ಯವ್ವಾ" ಎಂದು ರೋಣದ ಕಡೆಯ ಅಜ್ಜಿಯೊಬ್ಬರು ಹೇಳಿದ್ದು ನನಗೆ ಗೈಡಿನ ಅರ್ಧ ತಾಸಿನ ಮಾತಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ಈಗ ಪ್ರತಿ ಗುಂಪಿಗೂ ಅದನ್ನೇ ಹೇಳುತ್ತೇನೆ.

ಪ್ರತಿ ಟ್ರಿಪ್ಪಿನಲ್ಲಿ ಒಬ್ಬರಾದರೂ ಇಂಟರ್ನೆಟ್ ನೋಡಿ ಬಂದು, ನಿಜವಾದ ಕಪಿಲವಸ್ತು ಭಾರತದ ಪಿಪ್ರಾಹ್ವಾ ಎಂದು ಗೈಡಿನ ಜೊತೆ ವಾದಕ್ಕೆ ನಿಲ್ಲುತ್ತಾರೆ. ಪಿಪ್ರಾಹ್ವಾದಲ್ಲಿ 1898ರಲ್ಲಿ ಪೆಪ್ಪೆ ಎಂಬ ಎಸ್ಟೇಟ್ ಸಾಹೇಬ ಸ್ತೂಪ ಅಗೆದಾಗ ಬರಹವಿದ್ದ ಅಸ್ಥಿಕರಂಡಕ ಸಿಕ್ಕಿದ್ದು ಹೌದು. ಎರಡೂ ಕಡೆಯವರು ಇನ್ನೂ ಬಿಟ್ಟುಕೊಟ್ಟಿಲ್ಲ. ನಾನು ಯಾವ ಪಕ್ಷವೂ ಅಲ್ಲ, ಆದರೆ ಆ ವಾದಕ್ಕೆ ಹತ್ತು ನಿಮಿಷದ ಮೇಲೆ ಒಂದು ನಿಮಿಷ ಕೊಡುವುದಿಲ್ಲ.

ಗೈಡಿನ ವಿಷಯ. ಅಲ್ಲಿನವರು ಹಿಂದಿ ಚಲೋ ಮಾತಾಡುತ್ತಾರೆ, ನಮ್ಮ ಮಂದಿಗೆ ಆ ಹಿಂದಿ ತಲೆ ಮೇಲೆ ಹಾರುತ್ತದೆ. ಕಿವಿಗೆ ಸಿಕ್ಕಿಸುವ ವೈರ್‌ಲೆಸ್ ಸೆಟ್ಟು ಬಾಡಿಗೆ ತಂದು ನೋಡಿದೆ. ಅರ್ಧ ಮಂದಿ ಕಿತ್ತು ಚೀಲಕ್ಕೆ ಹಾಕಿಕೊಂಡರು, ಎರಡು ಕಳೆದವು, ಡಿಪಾಸಿಟ್ ಹೋಯಿತು. ಕಡೆಗೆ ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರೇ ಗತಿ. ಗೈಡ್ ಐದು ನಿಮಿಷ, ನಾನು ಕನ್ನಡದಲ್ಲಿ ಐದು ನಿಮಿಷ. ಅಂಗಡಿಗೆ ಕರೆದೊಯ್ದು ಕಮಿಷನ್ ಹೊಡೆಯದ ಗೈಡ್ ಬೇಕೆಂದರೆ ಮೊದಲೇ ಮೇಲೆ ಐನೂರು ಕೊಟ್ಟುಬಿಡಿ, ಅಷ್ಟೇ.

ಲುಂಬಿನಿಗೆ ಹನ್ನೊಂದೂವರೆ ಹೊತ್ತಿಗೆ. ಗೇಟಿನಿಂದ ಒಳಗೆ ಬ್ಯಾಟರಿ ರಿಕ್ಷಾ. ಮಾಯಾದೇವಿ ಮಂದಿರದ ಆವಾರಕ್ಕೆ ಚಪ್ಪಲಿ ಬಿಟ್ಟು ಹೋಗಬೇಕು, ಒಳಗೆ ಫೋಟೊ ಇಲ್ಲ. ಮಧ್ಯಾಹ್ನ ನೆಲ ಕಾದಿರುತ್ತದೆ, ಕಾಲುಚೀಲ ತರಲು ಊರಲ್ಲೇ ಹೇಳಿಡಿ. ಹೊರಗೆ ಅಶೋಕನ ಕಂಬ. 1896ರ ಡಿಸೆಂಬರಿನಲ್ಲಿ ಅಗೆದಾಗ ಬ್ರಾಹ್ಮಿಯ ಬರಹ ಸಿಕ್ಕಿತು. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷವಾದ ಮೇಲೆ ರಾಜ ತಾನೇ ಬಂದು ಪೂಜೆ ಮಾಡಿದ, ಬುದ್ಧ ಇಲ್ಲಿ ಹುಟ್ಟಿದ, ಅದಕ್ಕೆ ಈ ಹಳ್ಳಿಗೆ ಬಲಿ ಎಂಬ ತೆರಿಗೆ ಮಾಫಿ, ಬೆಳೆಯಲ್ಲಿ ಎಂಟನೇ ಪಾಲು ಕೊಟ್ಟರೆ ಸಾಕು ಎಂದಿದೆ. ಕೊಪ್ಪಳದ ಗವಿಮಠದ ಶಾಸನವೂ ಇದೇ ಅಶೋಕನದು, ಗದಗಿನಿಂದ ರೈಲಿನಲ್ಲಿ ತಾಸೊತ್ತಿನ ದಾರಿ ಎಂದರೆ ಮಂದಿಯ ಕಿವಿ ನೆಟ್ಟಗಾಗುತ್ತದೆ. ನಮ್ಮ ನರಗುಂದದ ರೈತರೊಬ್ಬರು ಎಂಟನೇ ಪಾಲಿನ ಮಾತು ಕೇಳಿ ಕಂಬದ ಕಟೆಕಟೆ ಹಿಡಿದು ನಿಂತರು. "ಎಂಬತ್ತರಾಗ ನಾವೂ ಕರ ಬಿಡ್ರೀ ಅಂತ ಹೋಗಿದ್ವಿ. ನಮಗ ಗುಂಡು ಹಾಕಿದ್ರು." ಗೈಡಿಗೆ ಏನೂ ತಿಳಿಯಲಿಲ್ಲ. 1980ರ ಜುಲೈ, ಮಲಪ್ರಭಾ ನೀರಿನ ಅಭಿವೃದ್ಧಿ ಕರ, ನರಗುಂದ-ನವಲಗುಂದದ ಗೋಲಿಬಾರು, ಎಲ್ಲವನ್ನೂ ನಾನೇ ಹಿಂದಿಯಲ್ಲಿ ಹೇಳಬೇಕಾಯಿತು. ಆ ಸಲ ಗೈಡು ಕೇಳಿದ, ನಾನು ಹೇಳಿದೆ.

ಊಟಕ್ಕೆ ಒಲೆ, ಸಿಲಿಂಡರ್ ದಾಟಿಸುವ ಉಸಾಬರಿ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಸಿಕ್ಕರೆ ಅಲ್ಲೇ ಕೊಳ್ಳುವುದು. ನಸುಕಿಗೆ ನಮ್ಮ ಅಡಿಗೆಯವರು ಪುಳಿಯೋಗರೆ ಕಟ್ಟಿಕೊಡುತ್ತಾರೆ. ಒಮ್ಮೆ ಅಲ್ಲಿನ ಹೋಟೆಲಿನಲ್ಲಿ ದಾಲ್-ಭಾತ್ ಮಾಡಿಸಿ ನೋಡಿದೆ. ರುಚಿಗೆ ಹೆಸರಿಡುವಂತಿಲ್ಲ, ಮೂವತ್ತು ತಾಟು ಬರಲು ಒಂದೂವರೆ ತಾಸು ತೆಗೆದುಕೊಂಡರು. ಬಿಟ್ಟೆ.

ಖರ್ಚು ನೆನಪಿನಿಂದ ಹೇಳುತ್ತೇನೆ, ಎಲ್ಲ ಐಸಿ. ಬಸ್ಸು ಎಂಟು ಸಾವಿರದ ಮೇಲೆ-ಕೆಳಗೆ, ಗೈಡ್ ಎರಡು-ಎರಡೂವರೆ, ರಿಕ್ಷಾ, ಟಿಕೆಟ್ಟು, ಚಹಾ, ಭಕ್ಷೀಸು ಎಲ್ಲ ಕೂಡಿ ಆರೇಳು ಸಾವಿರ. ಮೂವತ್ತು ಮಂದಿ ಇದ್ದರೆ ತಲೆಗೆ ಐದುನೂರೈವತ್ತು, ಆರುನೂರು. ನಾನು ಹಿಡಿಯುವುದು ಸಾವಿರದ ನೂರು. ಇಪ್ಪತ್ತೆರಡಕ್ಕಿಂತ ಕಡಿಮೆ ಮಂದಿ ಇದ್ದರೆ ದೊಡ್ಡ ಬಸ್ಸು ಮಾಡಬೇಡಿ.

ಡಿಸೆಂಬರ್-ಜನವರಿ ಬೇಡವೇ ಬೇಡ. ತರಾಯಿಯ ಮಂಜಿಗೆ ಹತ್ತಾದರೂ ಎದುರಿನ ಗಾಡಿ ಕಾಣುವುದಿಲ್ಲ, ನಸುಕಿನ ಲೆಕ್ಕವೆಲ್ಲ ನೀರಿಗೆ ಬಿದ್ದಂತೆ. ದೀಪಾವಳಿ ಕಳೆದ ಕೂಡಲೇ ಇಲ್ಲವೇ ಶಿವರಾತ್ರಿ ಹೊತ್ತಿಗೆ ಚಲೋ. ಇನ್ನೊಂದು, ಗಡಿ ದಾಟಿದ ಕೂಡಲೇ ರೋಮಿಂಗ್ ಹಾಕಿಸದ ಫೋನುಗಳು ಬಂದ್. ಮಕ್ಕಳು ಹುಬ್ಬಳ್ಳಿಯಿಂದ ಹಚ್ಚಿ ಹಚ್ಚಿ ಸಾಕಾಗಿ ನಮ್ಮ ಆಫೀಸಿಗೆ ಬಂದು ಬೈದದ್ದುಂಟು. ಹಿಂದಿನ ರಾತ್ರಿಯೇ ಪ್ರತಿ ಮನೆಗೆ ಮೆಸೇಜು ಹೋಗಬೇಕು.

ಪಾಲ್ಪಾದ ತಾನ್ಸೇನ್ ಎಂಬ ಹಳೇ ಗುಡ್ಡದ ಪಟ್ಟಣವನ್ನೂ ಇದೇ ದಿನಕ್ಕೆ ಸೇರಿಸಲು ನೋಡಿದೆ, ಗುಂಪಿಲ್ಲದೆ ನಾನೊಬ್ಬನೇ ಹೋಗಿ. 1896ರಲ್ಲಿ ಲುಂಬಿನಿಯ ಕಂಬ ಅಗೆಸಿದ ಖಡ್ಗ ಶಂಶೇರ್ ಪಾಲ್ಪಾದ ಗವರ್ನರ್. ಅವನು ಹೆಂಡತಿಯ ನೆನಪಿಗೆ ಕಟ್ಟಿಸಿದ ರಾಣಿಮಹಲ್ ಆ ಕಡೆಯ ಕಾಳಿ ಗಂಡಕಿ ದಂಡೆಯಲ್ಲಿದೆ, ಕಥೆ ಚಲೋ ಕೂಡುತ್ತಿತ್ತು. ಆದರೆ ಬುಟ್ವಲ್ ದಾಟಿದ ಮೇಲೆ ಗುಡ್ಡದಿಂದ ಕಲ್ಲು ಉರುಳುವ ದಾರಿ, ಒಂದು ಕಡೆ ಗಾಡಿಗಳನ್ನು ತಾಸುಗಟ್ಟಲೆ ನಿಲ್ಲಿಸಿದ್ದರು. ಒಂದು ದಿನಕ್ಕೆ ಅದು ಆಗುವುದಿಲ್ಲ, ಎರಡು ದಿನ ಮಾಡಿದರೆ ತಲೆಗೆ ಮೂರು ಸಾವಿರದ ಒಳಗೆ ಕೂಡಿಸಲು ಬರುವುದಿಲ್ಲ. ಬರುವ ಶಿವರಾತ್ರಿಗೆ ಹತ್ತು-ಹನ್ನೆರಡು ಮಂದಿಯ ಸಣ್ಣ ಗಾಡಿ ಮಾಡಿ ನೋಡುವ ವಿಚಾರವಿದೆ, ಮೂರು ಹೆಸರು ಬಂದಿವೆ.