ಗಿಟಾರ್ ರೆಕಾರ್ಡಿಂಗ್‌ನಲ್ಲಿ ಗುಂಯ್ ಸದ್ದು: ಮಲೆನಾಡಿನ ಮನೆಯಲ್ಲಿ ಮೂಲ ಹಿಡಿಯುವ ಬಗೆ

ಎಲೆಕ್ಟ್ರಿಕ್ ಗಿಟಾರನ್ನು ಆಡಿಯೊ ಇಂಟರ್‌ಫೇಸ್‌ಗೆ (ಗಿಟಾರಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಸಿಕ್ಕಿಸಿ, ಕಂಪ್ಯೂಟರಿನ ಆಂಪ್ ಸಿಮ್ಯುಲೇಟರ್‌ನಲ್ಲಿ (ಆಂಪಿನ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್) ಡಿಸ್ಟಾರ್ಷನ್ ಏರಿಸಿದರೆ ತಂತಿ ಮೀಟುವ ಮೊದಲೇ ಗುಂಯ್ ಶುರುವಾಗುತ್ತದೆ. ಹೆಚ್ಚಿನವರು ಆಗ ನಾಯ್ಸ್ ಗೇಟ್ ಪ್ಲಗಿನ್ ಹುಡುಕುತ್ತಾರೆ. ಅದು ಕೊನೆಯ ಮದ್ದು. ಗೇನ್ ಎಂದರೆ ಹಿಗ್ಗಿಸುವ ಪ್ರಮಾಣ; ಹೈ ಗೇನ್ ಸಿಮ್ಯುಲೇಟರ್ ಸಿಗ್ನಲ್ಲನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ, ಜೊತೆಗೆ ಬಂದ ಗದ್ದಲವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಗೇಟ್ ಬಾಯಿ ಮುಚ್ಚಿಸುವುದು ನೀವು ನುಡಿಸದಿರುವಾಗ ಮಾತ್ರ. ನುಡಿಸುವಾಗ ಗದ್ದಲ ಸ್ವರದ ಅಡಿಯಲ್ಲಿ ಹಾಗೇ ಕೂತಿರುತ್ತದೆ.

ಮೊದಲು ಕಿವಿಗೊಟ್ಟು ಕೇಳಿ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ದಪ್ಪನೆಯ ಗುಂಯ್ ಈ 50 ಮತ್ತು 100 ಹರ್ಟ್ಸ್‌ನದು. ಹತ್ತಿರದ ಟ್ರಾನ್ಸ್‌ಫಾರ್ಮರ್, ಸ್ಟೆಬಿಲೈಸರ್ ಅಥವಾ ಅರ್ತ್ ಲೂಪ್‌ನಿಂದ (ಉಪಕರಣಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್ ಸೇರಿ ಆಗುವ ಸುತ್ತು) ಬರುತ್ತದೆ. ಜರ್ರ್ ಎನ್ನುವ ಒರಟು ಸದ್ದು ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್ ಅಥವಾ ಇನ್ವರ್ಟರ್‌ನದು. ಮೌಸ್ ಅಲುಗಾಡಿಸಿದಂತೆ ಬದಲಾಗುವ ಕೀಂ ಸದ್ದು ಕಂಪ್ಯೂಟರಿನದೇ. ಸುಯ್ ಎಂಬ ಹಿಸ್ ಗೇನ್ ಅತಿಯಾದದ್ದರಿಂದ. ಚಟಪಟ ಸದ್ದು ಕರೆಂಟಿನದಲ್ಲ, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಸಾಲದೆ ಬರುವಂಥದ್ದು: 128 ಸ್ಯಾಂಪಲ್ ಇದ್ದರೆ 256 ಮಾಡಿ, ಇಂಟರ್‌ಫೇಸ್ ತಯಾರಕರದೇ ಎಎಸ್‌ಐಒ ಡ್ರೈವರ್ (ವಿಂಡೋಸ್‌ನಲ್ಲಿ ಸದ್ದನ್ನು ತಡವಿಲ್ಲದೆ ಸಾಗಿಸುವ ತಂತ್ರಾಂಶ) ಹಾಕಿ, ವೈಫೈ ಆಫ್ ಮಾಡಿ ನೋಡಿ.

ಇನ್ನು ಜಾಗ ಪತ್ತೆ. ಕೇಬಲ್ಲನ್ನು ಇಂಟರ್‌ಫೇಸ್‌ನಿಂದಲೇ ಕೀಳಿ. ಗುಂಯ್ ನಿಲ್ಲದಿದ್ದರೆ ದೋಷ ಕಂಪ್ಯೂಟರ್ ಕಡೆಯದು. ನಿಂತರೆ ಕೇಬಲ್ ಮತ್ತೆ ಸಿಕ್ಕಿಸಿ, ಗಿಟಾರಿನ ವಾಲ್ಯೂಮ್ ಸೊನ್ನೆಗೆ ತನ್ನಿ. ಈಗ ಸದ್ದಿದ್ದರೆ ಕೇಬಲ್, ಜ್ಯಾಕ್ ಅಥವಾ ಅರ್ತಿಂಗ್ ನೋಡಬೇಕು. ಸದ್ದಿಲ್ಲದೆ, ವಾಲ್ಯೂಮ್ ಏರಿಸಿದಾಗ ಮಾತ್ರ ಬಂದರೆ ಅದು ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಕಾಂತ-ಸುರುಳಿ) ದಾರಿಯಲ್ಲಿ ಬರುತ್ತಿದೆ. ಆಗ ಕುರ್ಚಿ ಸಮೇತ ನಿಧಾನವಾಗಿ ಒಂದು ಸುತ್ತು ತಿರುಗಿ. ಯಾವುದೋ ಒಂದು ದಿಕ್ಕಿನಲ್ಲಿ ಗುಂಯ್ ಬಹುತೇಕ ಅಡಗಿದರೆ ಅದು ಕಾಂತಕ್ಷೇತ್ರದ್ದು. ನೆಲಕ್ಕೆ ಒಂದು ಟೇಪು ಅಂಟಿಸಿ ಗುರುತು ಮಾಡಿ, ರೆಕಾರ್ಡ್ ಮಾಡುವಾಗಲೆಲ್ಲ ಅತ್ತಲೇ ಮುಖ ಮಾಡಿ ಕೂರಿ. ಖರ್ಚಿಲ್ಲದ ಈ ಉಪಾಯದಷ್ಟು ಫಲ ಕೊಡುವುದು ಬೇರೆ ಕಡಿಮೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಗಿಟಾರಿನ ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಎಲ್ಲ ಸದ್ದೂ ಹೋಗುತ್ತದೆಂದು ನಂಬಿ ಹಣ ಹಾಕುವವರಿದ್ದಾರೆ. ತೆಳು ತಾಮ್ರ ತಡೆಯುವುದು ವಿದ್ಯುತ್ ಕ್ಷೇತ್ರದ ಜರ್ರ್ ಸದ್ದನ್ನು. 50 ಹರ್ಟ್ಸ್‌ನ ಕಾಂತಕ್ಷೇತ್ರ ಅದನ್ನು ದಾಟಿಕೊಂಡು ಬರುತ್ತದೆ. ಅದಕ್ಕೆ ಮದ್ದು ದೂರ, ದಿಕ್ಕು, ಇಲ್ಲವೇ ಹಂಬಕರ್ ಪಿಕಪ್. ಗಿಬ್ಸನ್ ಕಂಪನಿಯಲ್ಲಿ ಸೆತ್ ಲವರ್ 1955ರಲ್ಲಿ ರೂಪಿಸಿದ ಹಂಬಕರ್‌ನಲ್ಲಿ ವಿರುದ್ಧ ದಿಕ್ಕಿನ ಎರಡು ಸುರುಳಿಗಳು ಹೊರಗಿನ ಗುಂಯ್ಯನ್ನು ಪರಸ್ಪರ ಕಳೆದುಹಾಕುತ್ತವೆ. ಒಂದೊಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್‌ಗಳಿರುವ ಸ್ಟ್ರಾಟ್, ಅಂದರೆ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್ ಇದ್ದರೆ ಸ್ವಿಚ್ಚನ್ನು 2 ಅಥವಾ 4ನೇ ಸ್ಥಾನಕ್ಕೆ ತಂದು ನೋಡಿ. ನಡುವಿನ ಪಿಕಪ್ಪಿನ ಸುತ್ತು ಮತ್ತು ಧ್ರುವ ಎರಡೂ ತಿರುಗುಮುರುಗಾಗಿದ್ದರೆ ಅಲ್ಲಿಯೂ ಇದೇ ಲಾಭ ಸಿಗುತ್ತದೆ.

ತಂತಿ ಮುಟ್ಟಿದಾಗ ಸದ್ದು ಇಳಿದರೆ ಗಿಟಾರಿನ ವೈರಿಂಗ್ ಸರಿಯಿದೆ, ಶೀಲ್ಡಿಂಗ್ (ಗದ್ದಲ ತಡೆಯುವ ಲೋಹದ ಹೊದಿಕೆ) ಸಾಲದು ಎಂದರ್ಥ. ತಾಮ್ರದ ಹಾಳೆಗೆ ಇದೇ ತಕ್ಕ ಕೆಲಸ. ಮುಟ್ಟಿದಾಗ ಏರಿದರೆ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿರಬಹುದು. ಏನೂ ಬದಲಾಗದಿದ್ದರೆ ಬ್ರಿಡ್ಜ್‌ಗೆ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಲೋಹದ ಭಾಗ) ಹೋಗುವ ಗ್ರೌಂಡ್ ವೈರ್ ಕಿತ್ತಿರಬಹುದು. ಬ್ರಿಡ್ಜ್ ಮತ್ತು ಕೇಬಲ್ ಪ್ಲಗ್ಗಿನ ಹೊರತೋಳಿನ ನಡುವೆ ಮಲ್ಟಿಮೀಟರ್ ಸೊನ್ನೆ ಓಮ್‌ಗೆ ಹತ್ತಿರ ತೋರಿಸಬೇಕು.

ಹಾಳೆ ಅಂಟಿಸುವಾಗ ಅಂಟಿನಲ್ಲೂ ವಿದ್ಯುತ್ ಹರಿಯುವ ತಾಮ್ರದ ಟೇಪೇ ತನ್ನಿ. ಸಾಮಾನ್ಯ ಅಂಟಿನದಾದರೆ ಪ್ರತಿ ಜೋಡಣೆಗೂ ಒಂದು ಚುಕ್ಕಿ ಬೆಸುಗೆ ಬೇಕಾಗುತ್ತದೆ. ಪಿಕಪ್, ವೈರ್ ಕೂರುವ ಗುಳಿಯ ಒಳಗೋಡೆಗೆಲ್ಲ ಅಂಟಿಸಿ ಅಂಚನ್ನು ಮೇಲಕ್ಕೆ ಮಡಚಿ, ಪಿಕ್‌ಗಾರ್ಡ್ (ಗುಳಿ ಮುಚ್ಚುವ ತಟ್ಟೆ) ಹಿಂಬದಿಯ ಹಾಳೆ ಆ ಅಂಚಿಗೆ ತಾಗುವಂತಿರಲಿ. ಹಾಳೆಯಿಂದ ವಾಲ್ಯೂಮ್ ಪಾಟಿನ (ವಾಲ್ಯೂಮ್ ಗುಂಡಿಯ ಅಡಿಯ ಬಿಡಿಭಾಗ) ಬೆನ್ನಿಗೆ ಒಂದು ವೈರ್ ಬೆಸೆಯಿರಿ. 40 ವ್ಯಾಟ್ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಸಾಕು. ಜ್ಯಾಕ್‌ನ ತುದಿ ಹಾಳೆಗೆ ತಾಗಿದರೆ ಗಿಟಾರ್ ಪೂರಾ ಮೂಕವಾಗುತ್ತದೆ, ಆ ಜಾಗಕ್ಕೆ ಇನ್ಸುಲೇಷನ್ ಟೇಪ್ ಹಾಕಿ.

ಈಗ ಮನೆಯ ಕರೆಂಟು. ಗುಂಡಿ ತಿರುಗಿಸಿದಂತೆ ನುಣ್ಣಗೆ ವೇಗ ಬದಲಾಗುವ ಫ್ಯಾನ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಜರ್ರ್ ಎಬ್ಬಿಸುತ್ತದೆ. ಟಕ್ ಟಕ್ ಎಂದು ಮೆಟ್ಟಿಲೇರುವ ಕೆಪಾಸಿಟರ್ ಬಗೆಯದರಲ್ಲಿ ಈ ಕಾಟ ಬಹಳ ಕಡಿಮೆ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟು ಹೋದಾಗ ಮನೆ ನಡೆಯುವುದೇ ಇನ್ವರ್ಟರ್ ಮೇಲೆ. ಅದು ಸ್ಕ್ವೇರ್ ವೇವ್ ಬಗೆಯದಾದರೆ ಅದರ ಮೇಲೆ ರೆಕಾರ್ಡ್ ಮಾಡಬೇಡಿ. ಲ್ಯಾಪ್‌ಟಾಪನ್ನು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಕೋಣೆಯ ದೀಪವನ್ನೂ ಆರಿಸಿ. ಕೊನೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವ ಮಷಿನ್, ತೋಟದ ಪಂಪ್‌ಸೆಟ್ ಶುರುವಾದಾಗ ಟ್ರ್ಯಾಕಿನಲ್ಲಿ ಟಪ್ ಎಂಬ ಏಟು ಬೀಳುತ್ತದೆ. ಅದಕ್ಕೆ ಫಿಲ್ಟರ್ ಹುಡುಕುವ ಬದಲು ಮೋಟಾರಿನ ಹೊತ್ತು ತಪ್ಪಿಸುವುದೇ ಸರಿ.

ಅರ್ತಿಂಗ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಬೇಸಿಗೆಯಲ್ಲಿ ಗುಡ್ಡದ ಮೇಲಿನ ಜಂಬಿಟ್ಟಿಗೆ ನೆಲ ಒಣಗಿ ಅರ್ತ್ ಗುಂಡಿ ಕೆಲಸ ನಿಲ್ಲಿಸುವುದುಂಟು. ಇದ್ದಿಲು, ಉಪ್ಪು ತುಂಬಿದ ಹಳೆಯ ಗುಂಡಿಗೆ ಆಗಾಗ ನೀರು ಹಾಕಬೇಕು. ಗಿಟಾರ್ ತಂತಿ ಅಥವಾ ಲ್ಯಾಪ್‌ಟಾಪಿನ ಲೋಹ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ನುಡಿಸುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್‌ರಿಂದ ಸಾಕೆಟ್ ಪರೀಕ್ಷೆ ಮಾಡಿಸಿ. ಗುಂಯ್ ನಿಲ್ಲುತ್ತದೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು ಜೀವಕ್ಕೇ ಅಪಾಯ. ಅರ್ತ್ ಲೂಪ್ ತಪ್ಪಿಸಲು ಕಂಪ್ಯೂಟರ್, ಸ್ಪೀಕರ್, ಇಂಟರ್‌ಫೇಸ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಗುಡುಗು ಕೇಳಿಸಿದರೆ ಪ್ಲಗ್, ಇಂಟರ್‌ನೆಟ್ ಕೇಬಲ್ ಎರಡನ್ನೂ ಕಿತ್ತಿಡಿ.

ತೇವ ಇನ್ನೊಂದು ಶತ್ರು. ಮುಂಗಾರಿನ ತಿಂಗಳುಗಳಲ್ಲಿ ಜ್ಯಾಕ್ ಮಂಕಾಗುತ್ತದೆ, ಪಾಟ್ ಕರಕರ ಎನ್ನುತ್ತದೆ. ಕಾಂಟ್ಯಾಕ್ಟ್ ಕ್ಲೀನರನ್ನು ಪಾಟಿನ ಸಂದಿಗೆ ಒಮ್ಮೆ ಸಿಂಪಡಿಸಿ ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿ. ತಗಡಿನ ಮಾಡಿನ ಕೆಳಗೆ ಆಂಪಿನ ಮುಂದೆ ಮೈಕ್ ಇಟ್ಟರೆ ಮಳೆಯೂ ಹಾಡಿನೊಳಗೆ ಬರುತ್ತದೆ. ಆ ದಿನಗಳಿಗೆ ನೇರ ಕೇಬಲ್ಲೇ ಒಳ್ಳೆಯದು.

ಗಿಟಾರನ್ನು ಇನ್‌ಸ್ಟ್ರುಮೆಂಟ್ ಎಂದು ಗುರುತಿರುವ, ಸುಮಾರು 1 ಮೆಗಾಓಮ್‌ನ ಇನ್‌ಪುಟ್‌ಗೇ ಹಾಕಿ. ಶೀಲ್ಡ್ ಇರುವ ಮೂರು ಮೀಟರ್ ಕೇಬಲ್ ಸಾಕು. ಗಿಟಾರಿನ ವಾಲ್ಯೂಮ್ ಪೂರ್ತಿ ಇಟ್ಟು, ಜೋರಾಗಿ ಬಾರಿಸಿದಾಗ ಮೀಟರ್ −12 ಡೆಸಿಬಲ್ ಆಸುಪಾಸು ಮುಟ್ಟುವಂತೆ ಗೇನ್ ಇಡಿ. 24 ಬಿಟ್‌ನಲ್ಲಿ ಇದಕ್ಕಿಂತ ಏರಿಸುವ ಅಗತ್ಯವಿಲ್ಲ.

ಇಷ್ಟಾದ ಮೇಲೆ ಸಾಫ್ಟ್‌ವೇರ್. ಗೇಟನ್ನು ಆಂಪ್ ಸಿಮ್ಯುಲೇಟರಿನ ಮುಂದೆ ಇಡಿ, ಅದು ಮುಚ್ಚಿಕೊಳ್ಳುವ ಮಿತಿಯನ್ನು −60 ಡೆಸಿಬಲ್‌ನಿಂದ ಶುರುಮಾಡಿ ಏರಿಸುತ್ತ ಹೋಗಿ, ರಿಲೀಸ್ (ಗೇಟ್ ಮುಚ್ಚಲು ಹಿಡಿಯುವ ಹೊತ್ತು) 100 ಮಿಲಿಸೆಕೆಂಡಿಗಿಂತ ಕಡಿಮೆ ಮಾಡಿದರೆ ಸ್ವರದ ಬಾಲ ಕತ್ತರಿಸಿ ಹೋಗುತ್ತದೆ. ಅತಿ ದಪ್ಪನೆಯ ಆರನೇ ತಂತಿ, ಇ, 82 ಹರ್ಟ್ಸ್‌ನದು, ಆದ್ದರಿಂದ 70ರಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಗ್ಗಿಸುವ ಫಿಲ್ಟರ್) ಹಾಕಿದರೆ 50 ಹರ್ಟ್ಸ್ ತಗ್ಗುತ್ತದೆ. 100, 150, 200ರಲ್ಲಿ ನಾಚ್ (ಒಂದೇ ಆವರ್ತನವನ್ನು ಕತ್ತರಿಸುವ ಫಿಲ್ಟರ್) ಹಾಕುವಾಗ ಎಚ್ಚರ: ಆರನೇ ತಂತಿಯ ಮೂರನೇ ಮನೆಯ (ಫ್ರೆಟ್) ಜಿ 98 ಹರ್ಟ್ಸ್, ಬಿಡಿ ಡಿ ತಂತಿ 147, ಬಿಡಿ ಜಿ ತಂತಿ 196. ಗದ್ದಲದ ಜೊತೆ ಇವೂ ಸೊರಗುತ್ತವೆ. ಅದಕ್ಕಿಂತ ಪ್ರತಿ ಟೇಕಿನ ಮೊದಲು ತಂತಿ ಹಿಡಿದು ಸುಮ್ಮನೆ ಕೂತು ಐದು ಸೆಕೆಂಡ್ ರೆಕಾರ್ಡ್ ಮಾಡಿ. ಅಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಆ ಐದು ಸೆಕೆಂಡನ್ನೇ ಮಾದರಿಯಾಗಿ ಕೊಟ್ಟು 6 ಡೆಸಿಬಲ್‌ನಷ್ಟು ಮಾತ್ರ ಇಳಿಸಿ. ಕೂತ ದಿಕ್ಕು ಬದಲಾದರೆ ಆ ಮಾದರಿ ಹೊಂದುವುದಿಲ್ಲ, ಹೊಸದಾಗಿ ತೆಗೆದುಕೊಳ್ಳಬೇಕು.